ಹೊಸ ಕಾರಿಗೆ ಸೆರಾಮಿಕ್ ಕೋಟಿಂಗ್, ಪಿಪಿಎಫ್: ಹಾಕಿಸಬೇಕಾ, ಬೇಡ್ವಾ?

ಕಡುನೀಲಿ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಹೊಸ ಕಾರು ಮನೆಗೆ ಬರುತ್ತಿದೆ. ಕಡುನೀಲಿ ಬಣ್ಣ. ಬುಕ್ ಮಾಡಿದ ದಿನದಿಂದ ಶೋರೂಮಿನವರು ಬಿಟ್ಟೂ ಬಿಡದೆ ಹೇಳುತ್ತಿದ್ದಾರೆ: "ಸೆರಾಮಿಕ್ ಕೋಟಿಂಗ್ ಹಾಕಿಸಿಬಿಡಿ, ಐದು ವರ್ಷ ಒಂದು ಗೀರೂ ಬೀಳಲ್ಲ."

ಮೊನ್ನೆ ಒಂದು ಹಳೇ ಬಾನೆಟ್ ಇಟ್ಟುಕೊಂಡು ತೋರಿಸಿದರು. ಅರ್ಧಕ್ಕೆ ಕೋಟಿಂಗ್ ಇತ್ತು, ಅರ್ಧಕ್ಕೆ ಇರಲಿಲ್ಲ. ನೀರು ಸುರಿದರೆ ಕೋಟಿಂಗ್ ಇದ್ದ ಕಡೆ ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳಿ ಹೋಯಿತು. ಆಮೇಲೆ ಅದೇ ಜಾಗದಲ್ಲಿ ಲೈಟರ್ ಹಚ್ಚಿದರು. ಏನೂ ಆಗಲಿಲ್ಲ. ನೋಡಿ ಮನಸ್ಸು ಸೋತಿತು, ನಿಜ ಹೇಳಬೇಕು. ಆದರೆ ಮನೆಗೆ ಬಂದ ಮೇಲೆ ಯೋಚನೆ ಶುರುವಾಯಿತು. ನನ್ನ ಕಾರಿಗೆ ಯಾರೂ ಬೆಂಕಿ ಹಚ್ಚಲ್ಲ ಅಲ್ವಾ? ನನಗಿರುವ ಭಯ ಗೀರಿನದು, ಮರದ ಕೆಳಗೆ ನಿಲ್ಲಿಸುವಾಗ ಬೀಳುವ ಹಕ್ಕಿ ಹಿಕ್ಕೆಯದು, ಹೆದ್ದಾರಿಯಲ್ಲಿ ಹಾರುವ ಕಲ್ಲಿನದು.

ಕಾರು ಬಯಲಲ್ಲೇ ನಿಲ್ಲುತ್ತದೆ. ದಿನಾ ಆಫೀಸಿಗೆ ಓಡಿಸುತ್ತೇನೆ. ತಿಂಗಳಿಗೊಮ್ಮೆ ದೂರದ ಪ್ರಯಾಣ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಆಸೆ. ಕೋಟಿಂಗಾ, ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಅನ್ನುವ ಪಾರದರ್ಶಕ ಫಿಲ್ಮಾ, ಎರಡೂನಾ, ಏನೂ ಬೇಡ್ವಾ? ಹಾಕಿಸಿಕೊಂಡು ಕೆಲವು ವರ್ಷ ಓಡಿಸಿದವರು ಹೇಳಿದರೆ ಒಳ್ಳೆಯದು.

ಬಫರ್‌ಕೈ

ಹನ್ನೊಂದು ವರ್ಷದಿಂದ ಡೀಟೇಲಿಂಗ್, ಅಂದರೆ ಕಾರು ತೊಳೆದು ಪಾಲಿಶ್ ಮಾಡುವ ಕೆಲಸ ಮಾಡುತ್ತಿದ್ದೇನೆ. ಕೋಟಿಂಗ್ ಹಚ್ಚುವುದೇ ನನ್ನ ಹೊಟ್ಟೆಪಾಡು. ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಇದನ್ನು ಓದಿ.

ಮೊದಲು ಪೇಂಟ್ ಅಂದರೇನು ಅಂತ ನೋಡೋಣ. ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕ್ಲಿಯರ್ ಕೋಟ್ ಒಂದೇ 40, 50 ಮೈಕ್ರಾನ್ ಇರುತ್ತದೆ. ಅಂದರೆ ಕೂದಲಿಗಿಂತ ತೆಳು. ಹೊಳಪೆಲ್ಲ ಅದರದ್ದೇ. ಬಿಸಿಲು ತಡೆಯುವ ರಾಸಾಯನಿಕ ಇರುವುದೂ ಅದರಲ್ಲೇ.

ಸೆರಾಮಿಕ್ ಕೋಟಿಂಗ್ ಅಂದರೆ ಸಿಲಿಕಾ ಜಾತಿಯ ದ್ರವ. ಹಚ್ಚಿದ ಮೇಲೆ ಗಾಳಿಯಲ್ಲಿರುವ ತೇವದ ಜೊತೆ ಸೇರಿ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ಅದರ ದಪ್ಪ ಒಂದೆರಡು ಮೈಕ್ರಾನ್. ಇಷ್ಟು ತೆಳುವಾದದ್ದು ಕಲ್ಲು ತಡೆಯುತ್ತಾ? ಇಲ್ಲ. ಕೀಲಿಯಿಂದ ಗೀಚಿದರೆ ತಡೆಯುತ್ತಾ? ಇಲ್ಲ. "9ಎಚ್ ಗಟ್ಟಿತನ" ಅಂತ ಬಾಟಲಿ ಮೇಲೆ ಬರೆದಿರುತ್ತಾರಲ್ಲ, ಅದು ಪೆನ್ಸಿಲ್ ಪರೀಕ್ಷೆಯ ಲೆಕ್ಕ. 9ಎಚ್ ಪೆನ್ಸಿಲ್‌ನಿಂದ ಗೀರಿದರೂ ಗುರುತು ಬೀಳಲಿಲ್ಲ ಅಂತ ಅರ್ಥ. ಖನಿಜಗಳನ್ನು ಅಳೆಯುವ ಮೋಸ್ ಮಾಪಕದ 9 ಅಲ್ಲ ಅದು. ರಸ್ತೆ ಧೂಳಿನಲ್ಲಿರುವ ಮರಳು ಮೋಸ್ ಮಾಪಕದಲ್ಲಿ 7. ಪೆನ್ಸಿಲ್ ಕಡ್ಡಿಗಿಂತ ಎಷ್ಟೋ ಗಟ್ಟಿ. ಧೂಳಿದ್ದಾಗ ಒಣ ಬಟ್ಟೆಯಲ್ಲಿ ಒರೆಸಿದರೆ ಕೋಟಿಂಗ್ ಇದ್ದರೂ ಗೀರು ಬೀಳುತ್ತದೆ.

ಹಾಗಾದರೆ ಕೋಟಿಂಗ್ ಯಾಕೆ? ಕೊಳೆ ಅಂಟಿಕೊಳ್ಳಲ್ಲ. ತೊಳೆಯುವುದು ಸುಲಭ. ಹೊಳಪು ಜಾಸ್ತಿ ದಿನ ನಿಲ್ಲುತ್ತದೆ. ಹಿಕ್ಕೆ ಬಿದ್ದರೆ ಒರೆಸಲು ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ಇಷ್ಟೇ. ಈ ಇಷ್ಟರಲ್ಲೇ ಸಂತೋಷಪಡುವವರು ಹಾಕಿಸಬಹುದು.

ಲೈಟರ್ ವಿಷಯ: ಕೋಟಿಂಗ್ ಇಲ್ಲದ ಅರ್ಧದ ಮೇಲೂ ಅಷ್ಟೇ ಹೊತ್ತು ಹಚ್ಚಿ ತೋರಿಸಿ ಅಂತ ಕೇಳಿ. ಅಲ್ಲೂ ಏನೂ ಆಗಲ್ಲ.

ಮೂರನೇವರ್ಷ

ನನ್ನದು ಕಪ್ಪು ಕಾರು. ಕೋಟಿಂಗ್ ಹಾಕಿಸಿ ಮೂರು ವರ್ಷ ಆಯಿತು. ಒಳ್ಳೆಯದು ಕೆಟ್ಟದ್ದು ಎರಡೂ ಕಂಡಿದ್ದೇನೆ.

ಮೊದಲು ಒಳ್ಳೆಯದು. ಹಿಂದಿನ ಕಾರು ತೊಳೆಯಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಈಗ ಮುಕ್ಕಾಲು ಗಂಟೆ ಸಾಕು. ಮಳೆಯಲ್ಲಿ ಕೆಸರು ಮೆತ್ತಿಕೊಂಡಿದ್ದರೂ ಪೈಪ್ ಹಿಡಿದರೆ ಅರ್ಧ ಹಾಗೇ ಜಾರಿ ಹೋಗುತ್ತದೆ. ಚಕ್ರಗಳಿಗೂ ಹಾಕಿಸಿದ್ದೆ. ಬ್ರೇಕಿನ ಕಪ್ಪು ಪುಡಿ ಉಜ್ಜದೇ ಹೋಗುತ್ತದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಸಾರ್ಥಕ ಆಗಿದ್ದು ಚಕ್ರದ ಕೋಟಿಂಗೇ.

ಈಗ ಕೆಟ್ಟದ್ದು. ಯಾರೂ ಹೇಳದೇ ಬಿಟ್ಟ ವಿಷಯ ಇದು. ನಮ್ಮ ಮನೆಯ ನೀರು ಗಡಸು. ಕೋಟಿಂಗ್ ಆದ ಮೇಲೆ ನೀರು ಹರಡಿಕೊಂಡು ಇಳಿಯಲ್ಲ, ಹನಿಹನಿಯಾಗಿ ನಿಲ್ಲುತ್ತದೆ. ಒಂದು ಭಾನುವಾರ ತೊಳೆದ ಮೇಲೆ ಫೋನ್ ಬಂತು, ಒಳಗೆ ಹೋದೆ. ಬರುವಷ್ಟರಲ್ಲಿ ಬಾನೆಟ್ ಬಿಸಿಲಿಗೆ ಒಣಗಿತ್ತು. ಪ್ರತಿ ಹನಿ ಇದ್ದ ಜಾಗದಲ್ಲೂ ಬಿಳೀ ಉಂಗುರ. ನೂರಾರು. ಶಾಂಪೂ ಹಾಕಿದರೂ ಹೋಗಲಿಲ್ಲ. ಬೆರಳಲ್ಲಿ ಮುಟ್ಟಿದರೆ ಸಣ್ಣ ದಡಿ ತಗಲುತ್ತಿತ್ತು. ಹಾಕಿಸಿದ ಅಂಗಡಿಗೆ ಹೋದರೆ "ನೀರಿನ ಕಲೆ ವಾರಂಟಿಯಲ್ಲಿ ಬರಲ್ಲ" ಅಂದರು. ಕಾಗದ ತೆಗೆದು ನೋಡಿದೆ. ಬರಲ್ಲ. ಕಲ್ಲೇಟು, ಗೀರು, ಹಿಕ್ಕೆ, ಮರದ ಅಂಟು, ನೀರಿನ ಕಲೆ, ಯಾವುದೂ ಬರಲ್ಲ. ಮೇಲಾಗಿ ವರ್ಷಕ್ಕೊಮ್ಮೆ ಅವರಲ್ಲೇ ದುಡ್ಡು ಕೊಟ್ಟು ಸರ್ವಿಸ್ ಮಾಡಿಸದಿದ್ದರೆ ವಾರಂಟಿಯೇ ಇಲ್ಲ.

ಹಾಗಾಗಿ ನೀಲಿಯವರೇ, ನಿಮ್ಮ ಬಣ್ಣವೂ ಕಡು. ನೀರು ಎಂಥದ್ದು ಅಂತ ಮೊದಲು ನೋಡಿಕೊಳ್ಳಿ. ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಕಟ್ಟುತ್ತಿದ್ದರೆ ಅದೇ ನಾಳೆ ಬಾನೆಟ್ ಮೇಲೂ ಕಟ್ಟುತ್ತದೆ.

ಬಫರ್‌ಕೈ

ಇದನ್ನು ನಾನೇ ಹೇಳಬೇಕಿತ್ತು, ಬಿಟ್ಟುಬಿಟ್ಟೆ. ಆ ಉಂಗುರ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಹೊಸದಾಗಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ನೆರಳಲ್ಲಿ ಪೇಂಟ್ ತಣ್ಣಗಿರುವಾಗ ಬಟ್ಟೆಯಲ್ಲಿ ಒತ್ತಿಟ್ಟು, ಒಂದು ನಿಮಿಷ ಬಿಟ್ಟು ತೊಳೆದರೆ ಹೋಗುತ್ತದೆ. ವಾರಗಟ್ಟಲೆ ಬಿಸಿಲಲ್ಲಿ ಬಿಟ್ಟರೆ ಒಳಗೆ ಕೊರೆದು ಕೂರುತ್ತದೆ. ಆಮೇಲೆ ಪಾಲಿಶ್ ಒಂದೇ ದಾರಿ. ಪಾಲಿಶ್ ಮಾಡಿದರೆ ಕೋಟಿಂಗೂ ಹೋಗುತ್ತದೆ, ಅದರ ಕೆಳಗೆ ಕ್ಲಿಯರ್ ಕೋಟ್‌ನಲ್ಲೂ ಕೆಲವು ಮೈಕ್ರಾನ್ ಹೋಗುತ್ತದೆ.

ಹಳೇಗಾಡಿ

ನನ್ನ ಕಾರಿಗೆ ಹದಿನಾಲ್ಕು ವರ್ಷ. ಕೋಟಿಂಗ್ ಇಲ್ಲ, ಫಿಲ್ಮ್ ಇಲ್ಲ. ಎರಡು ಮೂರು ತಿಂಗಳಿಗೊಮ್ಮೆ ಕೈಯಲ್ಲಿ ವ್ಯಾಕ್ಸ್ ಹಚ್ಚುತ್ತೇನೆ. ಪಕ್ಕದಲ್ಲಿ ನಿಲ್ಲಿಸಿದ ನಾಲ್ಕು ವರ್ಷದ ಕಾರಿಗಿಂತ ನನ್ನದೇ ಚೆನ್ನಾಗಿ ಕಾಣುತ್ತದೆ. ಕಾರಣ ವ್ಯಾಕ್ಸ್ ಅಲ್ಲ. ಆ ಕಾರನ್ನು ದಿನಾ ಬೆಳಿಗ್ಗೆ ಒಬ್ಬರು ಒಣ ಬಟ್ಟೆಯಲ್ಲಿ ಗರಗರ ತಿರುಗಿಸಿ ಒರೆಸುತ್ತಾರೆ. ಸಂಜೆ ಬೀದಿದೀಪದ ಕೆಳಗೆ ನೋಡಿದರೆ ಬಾಗಿಲ ತುಂಬಾ ಜೇಡರ ಬಲೆ ಹಾಗೆ ಸುತ್ತುಸುತ್ತು ಗೆರೆ. ಆ ಕಾರಿಗೆ ಕೋಟಿಂಗ್ ಆಗಿದೆ! ಮಾಲೀಕರೇ ಹೇಳಿದ್ದು.

ನನ್ನ ಕಾರನ್ನು ನಾನು ಬಿಟ್ಟು ಯಾರೂ ಮುಟ್ಟಲ್ಲ. ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೊದಲು ನೀರು ಹೊಡೆದು ಮಣ್ಣು ಇಳಿಸುತ್ತೇನೆ. ಆಮೇಲೆ ಮೇಲಿನಿಂದ ಕೆಳಗೆ. ಒಂದು ಭಾಗ ಆದ ಕೂಡಲೇ ಬಟ್ಟೆಯನ್ನು ಬರೀ ನೀರಿನ ಬಕೆಟ್‌ನಲ್ಲಿ ಅದ್ದಿ ಹಿಂಡುತ್ತೇನೆ. ಮುಗಿಯುವಾಗ ಆ ಬಕೆಟ್‌ನ ತಳ ನೋಡಬೇಕು ನೀವು. ಕೈ ಹಾಕಿದರೆ ಮರಳು ಸಿಗುತ್ತದೆ. ಅಷ್ಟೂ ಮರಳನ್ನು ಒಂದೇ ಬಕೆಟ್‌ನವರು ವಾಪಸ್ ಪೇಂಟ್ ಮೇಲೆ ಉಜ್ಜುತ್ತಿರುತ್ತಾರೆ.

ಕಾರು ತೊಳೆಯುವ ಕೈ ಯಾರದು ಅನ್ನುವುದು ತೀರ್ಮಾನ ಆಗದೆ ಕೋಟಿಂಗ್ ವಿಷಯ ಮಾತಾಡಿ ಉಪಯೋಗವೇ ಇಲ್ಲ.

ಮೂರನೇವರ್ಷ

ಹಳೇಗಾಡಿಯವರೇ, ನಿಮ್ಮ ಮಾತು ಸರಿ. ಆದರೆ ಎಲ್ಲರಿಗೂ ನಿಮ್ಮಷ್ಟು ಪುರುಸೊತ್ತು ಇರಲ್ಲ. ಕಾರ್ನೂಬಾ ವ್ಯಾಕ್ಸ್ ನಾನೂ ಹಚ್ಚುತ್ತಿದ್ದೆ. ಬಿಸಿಲಲ್ಲಿ ನಿಲ್ಲುವ ಕಪ್ಪು ಕಾರಿನ ಮೇಲೆ ಆರು ವಾರ ಬಂದರೆ ಹೆಚ್ಚು. ವರ್ಷಕ್ಕೆ ಎಂಟೊಂಬತ್ತು ಸಲ ಕೂತು ಹಚ್ಚಬೇಕು. ಮಕ್ಕಳು, ಕೆಲಸ, ವಯಸ್ಸಾದ ಅಪ್ಪ ಅಮ್ಮ ಇರುವ ಮನೆಯಲ್ಲಿ ಆ ಗಂಟೆಗಳಿಗೂ ಬೆಲೆ ಇದೆ. ಉಂಗುರದ ಕಥೆ ಆದ ಮೇಲೂ ಇನ್ನೊಂದು ಸಲ ಹಾಕಿಸುತ್ತೀಯಾ ಅಂತ ಕೇಳಿದರೆ ನಾನು ಹೂಂ ಅನ್ನುತ್ತೇನೆ. ಗೀರು ಬೀಳಲ್ಲ ಅಂತ ನಂಬಿ ಅಲ್ಲ. ತೊಳೆಯುವುದು ಸುಲಭ ಅಂತ.

ಹಳೇಗಾಡಿ

ಅದು ನ್ಯಾಯವಾದ ಮಾತು. ಒಪ್ಪಿದೆ. ವ್ಯಾಕ್ಸ್ ಬೇಡ ಅನ್ನುವವರಿಗೆ ಸೀಲೆಂಟ್ ಅನ್ನುವ ಕೃತಕ ಲೇಪ ಕೂಡ ಇದೆ, ನಾಲ್ಕೈದು ತಿಂಗಳು ಬರುತ್ತದೆ. ತೊಳೆದ ಮೇಲೆ ಒದ್ದೆ ಇದ್ದಾಗಲೇ ಸಿಂಪಡಿಸಿ ಒರೆಸುವ ಸಿಲಿಕಾ ಸ್ಪ್ರೇ ಇನ್ನೂ ಸುಲಭ. ಕೆಲವು ತಿಂಗಳೇ ಬರುವುದು, ಆದರೆ ಕೆಲಸ ಹತ್ತು ನಿಮಿಷದ್ದು.

ದೂರದಾರಿ

ಯಾರೂ ಫಿಲ್ಮ್ ಬಗ್ಗೆ ಮಾತಾಡಲಿಲ್ಲ. ನಾನು ವಾರಕ್ಕೆ ನಾಲ್ಕು ದಿನ ಹೆದ್ದಾರಿಯಲ್ಲೇ ಇರುತ್ತೇನೆ.

ಪಿಪಿಎಫ್ ಅಂದರೆ ಪಾರದರ್ಶಕ ಪಾಲಿಯುರೆಥೇನ್ ಹಾಳೆ, ಟಿಪಿಯು ಅನ್ನುತ್ತಾರೆ. 150ರಿಂದ 200 ಮೈಕ್ರಾನ್ ದಪ್ಪ. ಕೋಟಿಂಗ್ ಒಂದೆರಡು ಮೈಕ್ರಾನ್ ಅಂತ ಮೇಲೆ ಬರೆದಿದ್ದಾರೆ, ಹೋಲಿಸಿ ನೋಡಿ. ಕಲ್ಲು ತಡೆಯುವುದು ಇದೊಂದೇ. ಹಿಂದಿನ ಕಾರಿಗೆ ಫಿಲ್ಮ್ ಇರಲಿಲ್ಲ. ಎರಡು ವರ್ಷದಲ್ಲಿ ಬಾನೆಟ್‌ನ ಮುಂದಿನ ಅಂಚಲ್ಲಿ ಇಪ್ಪತ್ತಕ್ಕೂ ಹೆಚ್ಚು ಚುಕ್ಕೆ ಎದ್ದಿದ್ದವು. ಎರಡು ಕಡೆ ತಗಡು ಕಂಡು ಕಂದು ಬಣ್ಣಕ್ಕೆ ತಿರುಗಿತ್ತು. ಈ ಕಾರಿಗೆ ಬಂಪರ್, ಬಾನೆಟ್, ಕನ್ನಡಿ ಹಿಂಭಾಗ, ಬಾಗಿಲ ಹಿಡಿಕೆಯ ಗುಳಿ, ಇಷ್ಟಕ್ಕೆ ಮಾತ್ರ ಹಾಕಿಸಿದೆ.

ಹೋದ ತಿಂಗಳು ಮುಂದಿನ ಲಾರಿ ಚಕ್ರದಿಂದ ಒಂದು ಕಲ್ಲು ಎದ್ದು ಟಪ್ ಅಂತ ಬಾನೆಟ್‌ಗೆ ಹೊಡೆಯಿತು. ಎದೆ ಧಸಕ್ ಅಂತು. ನಿಲ್ಲಿಸಿ ನೋಡಿದರೆ ಹಾಳೆ ಮೇಲೆ ಉಗುರಿನ ತುದಿಯಷ್ಟು ಒಂದು ಬಿಳೀ ಗುಳಿ, ಅಷ್ಟೇ. ಕೆಳಗಿನ ಪೇಂಟ್ ಹಾಗೇ ಇದೆ. ಆ ಗುಳಿ ಮಾತ್ರ ಹೋಗಲಿಲ್ಲ, ಇನ್ನೂ ಇದೆ. ತಾನೇ ವಾಸಿಯಾಗುವ ಫಿಲ್ಮ್ ಅಂತಾರಲ್ಲ, ಅದು ಮೇಲ್ಪದರದ ಸಣ್ಣ ಗೆರೆಗಳಿಗೆ ಮಾತ್ರ. ಬಿಸಿಲಿಗೋ ಬಿಸಿನೀರಿಗೋ ಆ ಗೆರೆಗಳು ಮಾಯವಾಗುತ್ತವೆ. ಹಾಳೆ ತೂತಾದರೆ ಏನು ಮಾಡಿದರೂ ಮುಚ್ಚಲ್ಲ.

ಹುಷಾರಾಗಿರಬೇಕಾದ ಕಡೆಗಳೂ ಇವೆ. ಪಿವಿಸಿ ಹಾಳೆಯನ್ನು ಪಿಪಿಎಫ್ ಅಂತ ಮಾರುವವರು ಇದ್ದಾರೆ. ಅದು ಬೇಗ ಹಳದಿಯಾಗುತ್ತದೆ, ಗಟ್ಟಿಯಾಗುತ್ತದೆ, ಕೀಳುವಾಗ ತುಂಡುತುಂಡಾಗಿ ಬರುತ್ತದೆ. ಟಿಪಿಯು ಎಳೆದರೆ ರಬ್ಬರ್ ಹಾಗೆ ಹಿಗ್ಗಿ ಹಿಂದಕ್ಕೆ ಬರುತ್ತದೆ. ಒಂದು ತುಂಡು ಕೈಗೆ ಕೊಡಿ ಅಂತ ಕೇಳಿ. ಇನ್ನೊಂದು: ಫಿಲ್ಮ್ ಅನ್ನು ಕಾರಿನ ಮೇಲೇ ಬ್ಲೇಡಿನಲ್ಲಿ ಕತ್ತರಿಸುತ್ತಾರಾ, ಇಲ್ಲ ಕಂಪ್ಯೂಟರ್ ಅಳತೆಗೆ ಮೊದಲೇ ಕತ್ತರಿಸಿ ತರುತ್ತಾರಾ? ಬ್ಲೇಡ್ ಕೈ ತಪ್ಪಿದರೆ ಪೇಂಟ್ ಕೊಯ್ದು ಹೋಗುತ್ತದೆ.

ಬಫರ್‌ಕೈ

ದೂರದಾರಿಯವರ ಮಾತಿಗೆ ಒಂದು ಸೇರಿಸುತ್ತೇನೆ. ರಿಪೇರಿಗೆ ಹೋಗಿ ಹೊಸದಾಗಿ ಪೇಂಟ್ ಹೊಡೆದ ಭಾಗ ಇದ್ದರೆ ಮೊದಲೇ ತಿಳಿಸಿ. ಫ್ಯಾಕ್ಟರಿ ಪೇಂಟ್ ಬಿಸಿ ಒಲೆಯಲ್ಲಿ ಬೆಂದದ್ದು, ಬಿಗಿಯಾಗಿ ಕೂತಿರುತ್ತದೆ. ಗ್ಯಾರೇಜಿನ ಪೇಂಟ್ ಹಾಗಿರಲ್ಲ. ಮುಂದೆ ಫಿಲ್ಮ್ ಕೀಳುವಾಗ ಪೇಂಟೂ ಜೊತೆಗೆ ಎದ್ದು ಬರಬಹುದು. ಹೊಸ ಪೇಂಟ್ ಒಳಗಿನಿಂದ ಒಣಗಲು ಕನಿಷ್ಠ ಒಂದು ತಿಂಗಳು ಬಿಟ್ಟು ಆಮೇಲೆ ಏನಾದರೂ ಹಾಕಿಸಿ.

ಮ್ಯಾಟ್ ಬಣ್ಣದವರು ಇದನ್ನು ಓದುತ್ತಿದ್ದರೆ: ನಿಮಗೆ ಬೇರೆ ಲೆಕ್ಕ. ಮ್ಯಾಟ್ ಪೇಂಟ್ ಪಾಲಿಶ್ ಮಾಡಲು ಬರಲ್ಲ, ಮಾಡಿದರೆ ಅಲ್ಲಿ ಹೊಳಪು ಬಂದು ಮಚ್ಚೆ ಕಾಣುತ್ತದೆ. ನಿಮಗೆ ಫಿಲ್ಮ್ ನಿಜವಾಗಲೂ ಕೆಲಸಕ್ಕೆ ಬರುತ್ತದೆ.

ಕಡುನೀಲಿ

ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿವೆ. ಶೋರೂಮಿನವರು ಇವತ್ತು ಗ್ರಾಫೀನ್ ಕೋಟಿಂಗ್ ಅಂತ ಇನ್ನೊಂದು ಹೇಳಿದರು, ಅದು ಸೆರಾಮಿಕ್‌ಗಿಂತ ಹತ್ತು ಪಟ್ಟು ಗಟ್ಟಿಯಂತೆ. ಟೆಫ್ಲಾನ್ ಬೇಕಾದರೆ ಅದೂ ಇದೆಯಂತೆ. ಮತ್ತೆ, ಹೊಸ ಕಾರಿಗೆ ಪಾಲಿಶ್ ಯಾಕೆ ಬೇಕು? ಒಬ್ಬರು ಕೋಟಿಂಗ್‌ಗೆ ಮೊದಲು ಪಾಲಿಶ್ ಮಾಡಲೇಬೇಕು ಅಂತಾರೆ.

ಬಫರ್‌ಕೈ

ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಪದರ, ಅದ್ಭುತ ವಸ್ತುವೇ. 2004ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರಿಗೆ 2010ರ ಭೌತಶಾಸ್ತ್ರದ ನೊಬೆಲ್ ಬಂತು. ಆದರೆ ಆ ಪದರಕ್ಕೂ ಬಾಟಲಿಯಲ್ಲಿರುವುದಕ್ಕೂ ಬಹಳ ದೂರ. ಬಾಟಲಿಯಲ್ಲಿ ಇರುವುದು ಮುಖ್ಯವಾಗಿ ಅದೇ ಸಿಲಿಕಾ ಜಾತಿಯ ಕೋಟಿಂಗ್, ಅದಕ್ಕೆ ಸ್ವಲ್ಪ ಗ್ರಾಫೀನ್ ಆಕ್ಸೈಡ್ ಬೆರೆಸಿರುತ್ತಾರೆ. ನಾನು ಎರಡನ್ನೂ ಹಚ್ಚಿದ್ದೇನೆ. ಹತ್ತು ಪಟ್ಟು ಹೋಗಲಿ, ಒಂದು ವರ್ಷ ಆದ ಮೇಲೆ ಯಾವುದು ಯಾವುದು ಅಂತ ನನಗೇ ಗೊತ್ತಾಗಲ್ಲ.

ಟೆಫ್ಲಾನ್ ಬಿಟ್ಟುಬಿಡಿ. ಅದು ಕರಗುವುದೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಾಣಲೆಗೆ ಅಷ್ಟು ಬಿಸಿ ಕೊಟ್ಟು ಕೂರಿಸುತ್ತಾರೆ, ಕಾರಿಗೆ ಕೊಡಲು ಆಗುತ್ತಾ? ಆ ಹೆಸರಲ್ಲಿ ಹಚ್ಚುವುದು ಒಂದು ಪಾಲಿಶ್, ಕೆಲವು ತಿಂಗಳ ಹೊಳಪು.

ಪಾಲಿಶ್ ಬಗ್ಗೆ. ಕೋಟಿಂಗ್ ಕೆಳಗೆ ಏನಿದೆಯೋ ಅದು ಹಾಗೇ ಬಂದಿಯಾಗುತ್ತದೆ. ಗೀರಿದ್ದರೆ ಗೀರು, ಕೊಳೆ ಇದ್ದರೆ ಕೊಳೆ. ಹೊಸ ಕಾರೂ ಫ್ಯಾಕ್ಟರಿಯಿಂದ ಲಾರಿ, ಗೋದಾಮು, ಶೋರೂಂ ಅಂತ ಹತ್ತು ಕೈ ದಾಟಿ ಬಂದಿರುತ್ತದೆ. ಮೊದಲು ಕೆಲಸ ಶುರು ಮಾಡುವುದು ಮುಟ್ಟಿ ನೋಡುವುದರಿಂದ. ತೊಳೆದ ಕಾರಿನ ಮೇಲೆ, ತೆಳು ಪ್ಲಾಸ್ಟಿಕ್ ಚೀಲದೊಳಗೆ ಬೆರಳು ಹಾಕಿ ಮೆತ್ತಗೆ ಸವರಿ. ಬರಿಗೈಗೆ ನುಣುಪು ಅನ್ನಿಸಿದ್ದು ಚೀಲದಲ್ಲಿ ಮರಳು ಕಾಗದ ಹಾಗೆ ತರಿತರಿ ಅನ್ನುತ್ತದೆ. ಅದು ಬ್ರೇಕಿನ, ಹಳಿಯ ಕಬ್ಬಿಣದ ಪುಡಿ. ಅದಕ್ಕೆ ಬೇರೆ ದ್ರಾವಣ ಇದೆ, ಸಿಂಪಡಿಸಿದರೆ ಕಬ್ಬಿಣ ಇರುವ ಕಡೆಯೆಲ್ಲ ನೇರಳೆ ಬಣ್ಣದಲ್ಲಿ ಇಳಿಯುತ್ತದೆ. ಆಮೇಲೆ ಕ್ಲೇ, ಅಂದರೆ ಉಳಿದ ಕೊಳೆಯನ್ನು ಎತ್ತುವ ಜೇಡಿಯಂಥ ಉಂಡೆ. ಆಮೇಲೆ ಬೇಕಿದ್ದರೆ ಮಾತ್ರ ತೆಳು ಪಾಲಿಶ್. ಇಷ್ಟಕ್ಕೆ ನನಗೆ ಒಂದು ಇಡೀ ದಿನ, ಕೆಲವೊಮ್ಮೆ ಎರಡು ದಿನ ಬೇಕು. ಕೋಟಿಂಗ್ ಹಚ್ಚುವುದು ಕೊನೆಯ ಮೂರು ಗಂಟೆ ಕೆಲಸ.

ಈಗ ನೀವು ಶೋರೂಮಿನವರನ್ನು ಒಂದೇ ಒಂದು ಕೇಳಿ: ಎಷ್ಟು ಹೊತ್ತು ಬೇಕು? "ಬೆಳಿಗ್ಗೆ ಬಿಡಿ, ಮಧ್ಯಾಹ್ನ ತಗೊಳ್ಳಿ" ಅಂದರೆ ಉತ್ತರ ಸಿಕ್ಕಿತು.

ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯಾ ಅಂತಲೂ ಕೇಳಿ. ಹೋದ ವಾರ ನನ್ನಲ್ಲಿಗೆ ಬಂದ ಒಂದು ಕಾರಲ್ಲಿ ಬಾಗಿಲು 118 ತೋರಿಸಿತು, ಬಾನೆಟ್ 84. ಎರಡು ವರ್ಷದಲ್ಲಿ ನಾಲ್ಕು ಸಲ "ಫ್ರೀ ಪಾಲಿಶ್" ಮಾಡಿಸಿದ್ದರು. ಪ್ರತಿ ಸಲವೂ ಮಷಿನ್ ಸ್ವಲ್ಪ ಸ್ವಲ್ಪ ತಿಂದುಕೊಂಡು ಹೋಗಿದೆ. ಆ ಬಾನೆಟ್ ಮುಟ್ಟಲು ನನಗೆ ಧೈರ್ಯ ಬರಲಿಲ್ಲ, ವಾಪಸ್ ಕಳಿಸಿದೆ. ಹೋದ ಕ್ಲಿಯರ್ ಕೋಟ್ ಯಾವ ಕೋಟಿಂಗ್‌ನಿಂದಲೂ ತಿರುಗಿ ಬರಲ್ಲ.

ಕೈಕೆಲಸ

ನಾನೇ ಮನೆಯಲ್ಲಿ ಹಚ್ಚಿದ್ದೆ, ಅನುಭವ ಹೇಳುತ್ತೇನೆ. ಸಾಧ್ಯ ಇದೆ, ಆದರೆ ಅವಸರ ಮಾಡಬೇಡಿ. ಮುಚ್ಚಿದ ನೆರಳು ಬೇಕು. ಎರಡಡಿ ಅಗಲದ ಭಾಗ ಹಚ್ಚಿ, ಕಾಮನಬಿಲ್ಲಿನ ಬಣ್ಣ ಕಾಣುತ್ತಿದ್ದ ಹಾಗೆ ಒರೆಸಬೇಕು. ನಾನು ಹಿಂದಿನ ಬಾಗಿಲಿನ ಹತ್ತಿರ ತಡ ಮಾಡಿದೆ. ಅಂಗೈಯಗಲ ಕಪ್ಪು ಮಚ್ಚೆ ಗಟ್ಟಿಯಾಗಿ ಕೂತಿತು. ಮಾರನೆ ದಿನ ಪಾಲಿಶ್ ಹಾಕಿ ತೆಗೆಯಬೇಕಾಯಿತು. ಹಚ್ಚಿದ ಮೇಲೆ ಒಂದು ದಿನವಾದರೂ ನೀರು ತಾಗಬಾರದು, ಒಂದು ವಾರ ಶಾಂಪೂ ಬೇಡ. ಬಯಲಲ್ಲಿ ನಿಲ್ಲಿಸುವ ಕಾರಿಗೆ ಇದೇ ದೊಡ್ಡ ಕಷ್ಟ. ಮೊದಲ ಸಲ ಮಾಡುವವರು ಚಕ್ರಗಳಲ್ಲಿ ಕೈ ಪಳಗಿಸಿ, ಆಮೇಲೆ ಬಾಗಿಲಿಗೆ ಬನ್ನಿ.

ಕಡುನೀಲಿ

ಕಾರು ಬಂತು! ಏನು ಮಾಡಿದೆ ಅಂತ ಹೇಳುತ್ತೇನೆ.

ಎಷ್ಟು ಹೊತ್ತು ಬೇಕು ಅಂತ ಕೇಳಿದೆ. "ಮೂರು ಗಂಟೆ" ಅಂದರು. ಅಲ್ಲೇ ಬೇಡ ಅಂದೆ. ಕೊಡುವ ಮೊದಲು ತೊಳೆಯುವುದೂ ಬೇಡ, ಹಾಗೇ ಕೊಡಿ ಅಂದೆ. ಅವರಿಗೆ ವಿಚಿತ್ರ ಅನ್ನಿಸಿತು, ಎರಡು ಸಲ ಕೇಳಿದರು. ಧೂಳಿನ ಜೊತೆಗೇ ಮನೆಗೆ ತಂದು ನಾನೇ ಎರಡು ಬಕೆಟ್ ಇಟ್ಟುಕೊಂಡು ತೊಳೆದೆ. ಹಳೇಗಾಡಿಯವರು ಹೇಳಿದ ಹಾಗೆ ಬಕೆಟ್ ತಳದಲ್ಲಿ ಕೈ ಹಾಕಿದೆ. ಹೊಸ ಕಾರಿಂದಲೇ ಅಷ್ಟು ಮರಳು!

ನಮ್ಮ ನೀರು ಗಡಸೇ. ನಲ್ಲಿ ಬಾಯಿ ನೋಡಿದ ಕೂಡಲೇ ಗೊತ್ತಾಯಿತು. ಹಾಗಾಗಿ ಇಡೀ ಕಾರಿಗೆ ಸೆರಾಮಿಕ್ ಸದ್ಯಕ್ಕೆ ಬೇಡ. ತಿಂಗಳಿಗೊಮ್ಮೆ ಸ್ಪ್ರೇ ಹಾಕಿಕೊಳ್ಳುತ್ತೇನೆ. ಚಕ್ರಗಳಿಗೆ ಮಾತ್ರ ಕೋಟಿಂಗ್, ಅದೂ ನಾನೇ ಹಚ್ಚುವುದು. ಬಂಪರ್, ಬಾನೆಟ್, ಕನ್ನಡಿಗೆ ಟಿಪಿಯು ಫಿಲ್ಮ್. ಒಂದು ತುಂಡು ಕೈಗೆ ಕೊಟ್ಟರು, ಎಳೆದು ನೋಡಿದೆ, ಹಿಂದಕ್ಕೆ ಬಂತು. ಶನಿವಾರ ಬಿಡಬೇಕು.

ಇವತ್ತು ಬೆಳಿಗ್ಗೆ ಬಾನೆಟ್ ನಡುವೆ ದೊಡ್ಡ ಹಿಕ್ಕೆ. ಒಣಗಿ ಅಂಟಿತ್ತು. ಕೈ ಓಡಿತು ಉಜ್ಜಲು, ತಡೆದುಕೊಂಡೆ. ಒದ್ದೆ ಬಟ್ಟೆ ಹಾಕಿ ಬಿಟ್ಟೆ.

ಹಳೇಗಾಡಿ

ಎಷ್ಟು ಹೊತ್ತು ಬಿಟ್ಟಿರಿ? ಗುರುತು ಉಳಿಯಿತಾ?

ಕಡುನೀಲಿ

ಐದು ನಿಮಿಷ. ನೆನೆದ ಮೇಲೆ ಒರೆಸದೇ ಹಾಗೇ ಮೇಲಕ್ಕೆ ಎತ್ತಿದೆ. ಬಟ್ಟೆ ಜೊತೆಗೇ ಬಂತು. ಬಗ್ಗಿ ಓರೆಯಿಂದ ನೋಡಿದೆ, ಏನೂ ಇಲ್ಲ.

ಬಫರ್‌ಕೈ

ಸರಿಯಾಗಿ ಮಾಡಿದಿರಿ. ಹಿಕ್ಕೆಯ ಆಮ್ಲ ಒಂದು ಕಡೆ, ಬಿಸಿಲು ಇನ್ನೊಂದು ಕಡೆ. ಬಿಸಿಗೆ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ. ಮೇಲಿನ ಹಿಕ್ಕೆ ಒಣಗಿ ಕುಗ್ಗುವಾಗ ಪೇಂಟನ್ನೂ ಎಳೆದುಕೊಳ್ಳುತ್ತದೆ. ಮಧ್ಯಾಹ್ನದವರೆಗೆ ಬಿಟ್ಟಿದ್ದರೆ ಅಲ್ಲಿ ಕಲೆ ನಿಲ್ಲುತ್ತಿತ್ತು. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಮೈಕ್ರೋಫೈಬರ್ ಬಟ್ಟೆ ಯಾವಾಗಲೂ ಇರಲಿ.

ಶನಿವಾರ ಕಾರು ಬಿಡುವಾಗ ಒಂದು ಕೇಳಿ: ಬಾನೆಟ್‌ನ ಅಂಚಿನಲ್ಲಿ ಫಿಲ್ಮ್ ಒಳಗೆ ಮಡಚುತ್ತಾರಾ, ಅಂಚಿಗೇ ನಿಲ್ಲಿಸುತ್ತಾರಾ? ಮಡಚಿದರೆ ಅಂಚು ಏಳಲ್ಲ, ಧೂಳಿನ ಗೆರೆ ಕಟ್ಟಲ್ಲ. ವಾಪಸ್ ತಗೊಳ್ಳುವಾಗ ಒಳಗೆ ಸಣ್ಣ ನೀರಿನ ಗುಳ್ಳೆ ಕಂಡರೆ ಗಾಬರಿ ಬೇಡ, ಕೆಲವು ದಿನದಲ್ಲಿ ಆರುತ್ತದೆ. ಧೂಳಿನ ಕಣ ಕಂಡರೆ ಮಾತ್ರ ಅಲ್ಲೇ ತೋರಿಸಿ, ಅದು ಆರಲ್ಲ.